ಹಳೆಯ ಅಂಬಾಸಿಡರಿಗೆ ಸಿಗದ ಸಾಮಾನು

(ತೋಟದ ಡ್ರೈವರುಗಳು ಹಾಗೂ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿರುವ ಯುವಕರ ಕೂಟದಲ್ಲಿ ಮಾಡಿದ ಭಾಷಣ)



ಹಳೆಯ ಅಂಬಾಸಿಡರ್ ಕಾರಿಗೆ ಬೇಕಾದ ಸಾಮಾನನ್ನು ಈಗಿನ ಕಾಲದಲ್ಲಿ ಎಲ್ಲಿಂದ ತರುವುದು, ಹೇಗೆ ತರುವುದು ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದೀರಿ. ಲೈನ್ ಮನೆಯಲ್ಲಿ ಇರುವವರಿಗೆ ಕಾರಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ತೋಟದ ಆಫೀಸಿನ ಕಾರು, ಹೆರಿಗೆಗೆ ಹೆಂಗಸರನ್ನು ಆಸ್ಪತ್ರೆಗೆ ಒಯ್ದ ಟ್ಯಾಕ್ಸಿ, ಮದುವೆಯಲ್ಲಿ ಹೂ ಕಟ್ಟಿದ ಗಾಡಿ, ಇವೆಲ್ಲ ಬಹುಮಟ್ಟಿಗೆ ಅಂಬಾಸಿಡರೇ ಆಗಿದ್ದವು. ಅದನ್ನು ಓಡಿಸಿದವರು, ತೊಳೆದವರು, ಅದರ ಅಡಿಯಲ್ಲಿ ಗೋಣಿ ಹಾಸಿ ಮಲಗಿ ರಿಪೇರಿ ಮಾಡಿದವರು ನಮ್ಮ ಮನೆಗಳವರು. ಇವತ್ತು ಅದು ಅನುಕೂಲಸ್ಥರು ಅಭಿಮಾನದಿಂದ ಇಟ್ಟುಕೊಳ್ಳುವ ಗಾಡಿಯಾಗಿದೆ. ಅದನ್ನು ಓಡುವಂತೆ ಇಡುವ ಕೈ ಮಾತ್ರ ಈಗಲೂ ನಮ್ಮ ಹುಡುಗರದೇ. ಆ ಕೈಗೆ ನ್ಯಾಯವಾದ ಕೂಲಿ ಸಿಗಬೇಕು. ಆ ಗಾಡಿಯಲ್ಲಿ ಕೂತವರು ಕ್ಷೇಮವಾಗಿ ಮನೆ ಸೇರಬೇಕು. ಈ ಎರಡು ಕಾರಣಕ್ಕಾಗಿ ನಾನು ಮಾತಾಡುತ್ತೇನೆ.

ಮೊದಲು ಗಾಡಿಯ ವಂಶ ತಿಳಿದಿರಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ನಮ್ಮ ಅಂಬಾಸಿಡರಿನ ಮೂಲ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿರುವ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಲ್ಲಿ ಇದರ ತಯಾರಿಕೆ ಶುರುವಾಯಿತು. 1963ರಲ್ಲಿ ಮಾರ್ಕ್ ಎರಡು, 1975ರಲ್ಲಿ ಮಾರ್ಕ್ ಮೂರು, 1979ರಲ್ಲಿ ಮಾರ್ಕ್ ನಾಲ್ಕು ಬಂದವು. 1990ರ ದಶಕದ ಆರಂಭದಲ್ಲಿ ಜಪಾನಿನ ಐಸುಜು ಎಂಜಿನ್ ಕೂರಿಸಿದ ಗಾಡಿ ಬಂತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಕೆಲಸ ನಿಂತಿತು. ಅಲ್ಲಿ ದುಡಿಯುತ್ತಿದ್ದ ಕೆಲಸಗಾರರ ಮನೆಗಳ ಒಲೆಯ ಮೇಲೂ ಅದರ ಪೆಟ್ಟು ಬಿತ್ತು ಎಂಬುದನ್ನು ನಾವು ಮರೆಯಬಾರದು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಮಾರಲಾಯಿತು.

ಕಾರ್ಖಾನೆ ನಿಂತ ಮೇಲೆ ಸಾಮಾನು ಬರುವುದೂ ನಿಂತಿತು ಎಂದು ಜನ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಯಾವ ಕಾರಿನ ಕಂಪನಿಯೂ ಎಲ್ಲ ಸಾಮಾನನ್ನು ತಾನೇ ಮಾಡುವುದಿಲ್ಲ. ಬ್ರೇಕಿನ ಸಾಮಾನು ಒಬ್ಬರದು, ಡೈನಮೋ ಇನ್ನೊಬ್ಬರದು, ಪಿಸ್ಟನ್ ಮತ್ತೊಬ್ಬರದು, ಬೇರಿಂಗ್ ಬೇರೊಬ್ಬರದು. ಚೆನ್ನೈನ ಪಾಡಿಯಲ್ಲಿ 1961ರಲ್ಲಿ ಲೂಕಾಸ್ ಟಿ.ವಿ.ಎಸ್., 1962ರಲ್ಲಿ ಬ್ರೇಕ್ಸ್ ಇಂಡಿಯಾ ಸ್ಥಾಪನೆಯಾದವು. ಆ ಕಾಲದ ಎಷ್ಟೋ ಗಾಡಿಗಳ ವಿದ್ಯುತ್ ಸಾಮಾನು, ಬ್ರೇಕ್ ಸಾಮಾನು ಇಂಥ ಕಾರ್ಖಾನೆಗಳಿಂದ ಬಂದವು. ಆದ್ದರಿಂದ ಹಳೆಯ ಸಾಮಾನನ್ನು ಬಿಚ್ಚಿದಾಗ ಅದರ ಮೇಲಿನ ಮಣ್ಣು, ಗ್ರೀಸು ಒರೆಸಿ ನೋಡಿ. ಎರಕದಲ್ಲೋ ಮುದ್ರೆಯಲ್ಲೋ ಮಾಡಿದವರ ಹೆಸರು ಇರುತ್ತದೆ, ಒಂದು ನಂಬರು ಇರುತ್ತದೆ. ಕಾರಿನ ಹೆಸರು ಹೇಳಿ ಕೇಳಿದರೆ 'ಇಲ್ಲ' ಎನ್ನುವ ಅಂಗಡಿಯವರು ಈ ನಂಬರು ಹೇಳಿದರೆ ಒಳಗೆ ಹೋಗಿ ಹುಡುಕುತ್ತಾರೆ.

ಹಾಗಾದರೆ ಹುಡುಕಲು ಹೊರಡುವ ಮುಂಚೆ ಏನು ಮಾಡಬೇಕು?

ಹಳೆಯ ಸಾಮಾನನ್ನು ಎಸೆಯಬೇಡಿ. ಒಡೆದದ್ದಾಗಲಿ ಸವೆದದ್ದಾಗಲಿ ಅದೇ ನಿಮ್ಮ ವಿಳಾಸ. ಅದನ್ನು ತೊಳೆದು ಒಂದು ಚೀಟಿ ಕಟ್ಟಿ. ಗಾಡಿಯ ವರ್ಷ, ಮಾರ್ಕು, ಎಂಜಿನ್ ನಂಬರು, ಸಾಮಾನು ಎಡಗಡೆಯದೋ ಬಲಗಡೆಯದೋ ಎಂದು ಬರೆಯಿರಿ. ವರ್ನಿಯರ್ ಇಟ್ಟು ಮೂರು ಕಡೆ ಅಳೆಯಿರಿ, ಏಕೆಂದರೆ ಸವೆದ ಸಾಮಾನು ಒಂದೇ ಕಡೆ ಸುಳ್ಳು ಅಳತೆ ಹೇಳುತ್ತದೆ. ಸವೆಯದ ಅಂಚಿನ ಅಳತೆಯೇ ನಿಜವಾದ ಅಳತೆ. ಹಲ್ಲಿರುವ ಸಾಮಾನಾದರೆ ಹಲ್ಲು ಎಣಿಸಿ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಬರಿಯ ಫೋಟೋದಲ್ಲಿ ದೊಡ್ಡದು ಚಿಕ್ಕದು ತಿಳಿಯುವುದಿಲ್ಲ.

ಈ ಅಳತೆಯ ಮಾತಿನಲ್ಲಿ ಮೂರು ಸಂಗತಿಯನ್ನು ತಮ್ಮಂದಿರು ಬಾಯಿಪಾಠ ಮಾಡಿಕೊಳ್ಳಬೇಕು.

ಒಂದನೆಯದು ಎಂಜಿನ್. ಬಹುಕಾಲ ಅಂಬಾಸಿಡರಿನಲ್ಲಿ ಇದ್ದದ್ದು ಬಿ.ಎಂ.ಸಿ. ಬಿ ಸರಣಿಯ 1489 ಸಿ.ಸಿ. ಎಂಜಿನ್. ಅದರಲ್ಲಿ ಪೆಟ್ರೋಲೂ ಇದೆ, ಡೀಸೆಲೂ ಇದೆ. ಸಿ.ಸಿ. ಒಂದೇ ಎಂದು ಪೆಟ್ರೋಲಿನ ಪಿಸ್ಟನನ್ನು ಡೀಸೆಲಿಗೆ ಕೇಳಿ ತಂದರೆ ಬಸ್ ಚಾರ್ಜೂ ಹೋಯಿತು, ದಿನವೂ ಹೋಯಿತು. ಐಸುಜು ಎಂಜಿನ್ ಬಂದಾಗ ಅದರೊಂದಿಗೆ ಐದು ಗೇರಿನ ಪೆಟ್ಟಿಗೆಯೂ ಬಂತು. ಹೊರಗಿನ ಬಾಡಿ ನೋಡಿ ಒಳಗಿನ ಗೇರ್ ಸಾಮಾನು ಕೇಳುವಂತಿಲ್ಲ.

ಎರಡನೆಯದು ಬೋರು. 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹೊಸ ಬೋರು 2 ಮುಕ್ಕಾಲು ಇಂಚಿನ ಮೇಲೆ ಇನ್ನೂ ಎಂಟರಲ್ಲೊಂದು ಇಂಚು, ಅಂದರೆ 73.025 ಮಿಲಿಮೀಟರ್. ಸವೆದಾಗ 10 ಥೌ, 20 ಥೌ, 30 ಥೌ, 40 ಥೌ ಎಂದು ಬೋರನ್ನು ದೊಡ್ಡದು ಮಾಡಿ ಅದಕ್ಕೆ ತಕ್ಕ ಪಿಸ್ಟನ್ ಹಾಕುತ್ತಾರೆ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಸಾಮಾನು ಸಿಗುವ ಕಾಲದಲ್ಲಿ ಮೊದಲು ಬೋರು ಹೊಡೆಸಿ ಆಮೇಲೆ ಪಿಸ್ಟನ್ ತರುತ್ತಿದ್ದರು. ಈಗ ಹಾಗೆ ಮಾಡಬೇಡಿ. ಮೊದಲು ಬೋರಿನ ಸವಕಳಿ ಅಳೆಯಿಸಿ, ಯಾವ ಅಳತೆಯ ಪಿಸ್ಟನ್ ಸಿಗುತ್ತದೆಂದು ಹುಡುಕಿ, ಅದು ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರು ಹೊಡೆಸಿ. ಇಲ್ಲದಿದ್ದರೆ 30 ಥೌ ಬೋರು ಹೊಡೆದ ಬ್ಲಾಕು ಒಂದು ಕಡೆ, 20 ಥೌ ಪಿಸ್ಟನ್ ಇನ್ನೊಂದು ಕಡೆ ಕೂತಿರುತ್ತವೆ.

ಮೂರನೆಯದು ಮರೆ. ಬಿ.ಎಂ.ಸಿ. ಎಂಜಿನ್ನಿನ ಬೋಲ್ಟುಗಳು ಇಂಚಿನವು, ಐಸುಜುವಿನವು ಮಿಲಿಮೀಟರಿನವು. ಹದಿನಾರರಲ್ಲಿ ಐದು ಇಂಚಿನ ಬೋಲ್ಟು 7.94 ಮಿಲಿಮೀಟರ್ ದಪ್ಪ ಇರುತ್ತದೆ. 8 ಮಿಲಿಮೀಟರಿನ ಬೋಲ್ಟು ಕಣ್ಣಿಗೆ ಅದೇ ಥರ ಕಾಣುತ್ತದೆ. ಆದರೆ ಮರೆಯ ಅಂತರ ಬೇರೆ. ಒಂದೆರಡು ಸುತ್ತು ಹೋದ ಮೇಲೆ ಬಿಗಿಯಾಯಿತೆಂದು ಪಾನಾ ಹಾಕಿ ಎಳೆದರೆ ಬ್ಲಾಕಿನ ಮರೆಯೇ ಹಾಳು. ಹತ್ತಾರು ರೂಪಾಯಿಯ ಬೋಲ್ಟಿನಿಂದ ಸಾವಿರಗಟ್ಟಲೆ ನಷ್ಟ.

ಇನ್ನು ಎಲ್ಲಿ ಹುಡುಕಬೇಕು ಎಂಬ ಮಾತು. ಹತ್ತಿರದಿಂದ ಶುರು ಮಾಡಿ. ನಮ್ಮ ಪಟ್ಟಣಗಳಲ್ಲಿ ಅಪ್ಪನ ಕಾಲದಿಂದ ನಡೆಯುವ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಅಟ್ಟದ ಮೇಲೆ ಯಾರೂ ಕೇಳದ ಡಬ್ಬಿಗಳು ಕೂತಿರುತ್ತವೆ. ಹಳೆಯ ಮೆಕ್ಯಾನಿಕ್ ಹಿರಿಯರ ಮನೆಯ ಹಿತ್ತಿಲಲ್ಲೂ ಇರುತ್ತವೆ. ಗೌರವದಿಂದ ಕೇಳಿ, ಕೂತು ಮಾತಾಡಿ. ಅವರ ತಲೆಯಲ್ಲಿರುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಕೊಯಮತ್ತೂರು. ಅಲ್ಲಿ ಸಾಮಾನಿನ ಅಂಗಡಿಗಳೂ ಇವೆ. ಎರಕದ ಕಾರ್ಖಾನೆ, ಲೇತು ಕೆಲಸಕ್ಕೂ ಆ ಊರು ಹೆಸರಾದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು, ಚೆನ್ನೈನ ಪುದುಪೇಟೆಯಲ್ಲಿ ಬಿಚ್ಚಿದ ಗಾಡಿಗಳ ಸಾಮಾನು ಸಿಗುತ್ತದೆ. ದೂರದಲ್ಲಿ ಕೊಲ್ಕತ್ತದ ಮಲ್ಲಿಕ್ ಬಜಾರ್ ಇದೆ. ಆ ಊರಿನ ಹಳದಿ ಟ್ಯಾಕ್ಸಿಗಳು ಬಹುಕಾಲ ಅಂಬಾಸಿಡರುಗಳೇ ಆಗಿದ್ದವು. 15 ವರ್ಷದ ನಿಯಮದಿಂದ ಅವು ಒಂದೊಂದಾಗಿ ರಸ್ತೆ ಬಿಡುತ್ತಿರುವುದರಿಂದ ಅವುಗಳ ಸಾಮಾನು ಅಲ್ಲಿ ಗುಜರಿಗೆ ಬರುತ್ತದೆ. ಬಾಗಿಲು, ಬಾನೆಟ್ಟು, ಗಾಜು, ಹಿಡಿ, ದೀಪದ ಬಳೆ, ಇಂಥವಕ್ಕೆ ಇದು ಒಳ್ಳೆಯ ಮೂಲ.

ಎಂಜಿನ್ ಸಾಮಾನಿಗೆ ಇನ್ನೊಂದು ದಾರಿ ಉಂಟು. ಬಿ.ಎಂ.ಸಿ.ಯ ಅದೇ 1489 ಸಿ.ಸಿ. ಎಂಜಿನನ್ನು ಇಂಗ್ಲೆಂಡಿನಲ್ಲಿ ಆಸ್ಟಿನ್ ಕೇಂಬ್ರಿಜ್, ಎಂ.ಜಿ.ಎ. ಮೊದಲಾದ ಕಾರುಗಳಿಗೂ ಹಾಕುತ್ತಿದ್ದರು. ಆ ಎಂ.ಜಿ. ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಅಲ್ಲಿ ಈಗಲೂ ಬಹಳ ಮಂದಿ ಇರುವುದರಿಂದ ಗ್ಯಾಸ್ಕೆಟ್, ಬೇರಿಂಗ್, ವಾಲ್ವ್, ಎಸ್.ಯು. ಕಾರ್ಬುರೇಟರಿನ ಸೂಜಿ ಇವನ್ನು ಈಗಲೂ ಹೊಸದಾಗಿ ಮಾಡುತ್ತಾರೆ. ಮನೆತನ ಒಂದೇ ಆದರೂ ಅಣ್ಣ ತಮ್ಮಂದಿರ ಚಪ್ಪಲಿಯ ಅಳತೆ ಒಂದೇ ಇರುವುದಿಲ್ಲ. ಅಳತೆ ತಾಳೆ ನೋಡದೆ ದುಡ್ಡು ಕಳಿಸಬೇಡಿ. ಟಪ್ಪಾಲಿನ ಖರ್ಚು, ಸುಂಕ ಸೇರಿ ಸಾಮಾನಿನ ಬೆಲೆಯನ್ನೇ ಮೀರಬಹುದು. ಅದನ್ನು ಮೊದಲೇ ಗಾಡಿಯ ಯಜಮಾನರಿಗೆ ಹೇಳಿ, ಒಪ್ಪಿಗೆ ಪಡೆಯಿರಿ.

ಹಳೆಯ ಗೋಡೌನಿನಲ್ಲಿ ಉಪಯೋಗಿಸದ ಸಾಮಾನು ಪೆಟ್ಟಿಗೆ ಸಮೇತ ಸಿಕ್ಕಿದರೆ ಬಹಳ ಸಂತೋಷವಾಗುತ್ತದೆ. ಅಲ್ಲಿ ಒಂದು ನಿಯಮ ಇಟ್ಟುಕೊಳ್ಳಿ: ಕಬ್ಬಿಣ, ಉಕ್ಕು, ಹಿತ್ತಾಳೆ ಹಳೆಯದಾದರೂ ಆಗಬಹುದು, ರಬ್ಬರು ಮಾತ್ರ ಹೊಸದೇ ಆಗಬೇಕು. ಬ್ರೇಕಿನ ರಬ್ಬರ್ ಕಪ್ಪು, ಹೋಸ್ ಪೈಪು, ಆಯಿಲ್ ಸೀಲು, ಇವು ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದರೂ ಗಾಳಿಗೆ, ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡ ಹೆಸರಿದ್ದರೂ ಮೂವತ್ತು ವರ್ಷದ ರಬ್ಬರನ್ನು ನಂಬಬೇಡಿ.

ಎಲ್ಲೂ ಸಿಗದ ಸಾಮಾನನ್ನು ಏನು ಮಾಡುವುದು? ಮಾಡಿಸುವುದು. ನಮ್ಮವರ ಜಾಣ್ಮೆ ಇಲ್ಲಿಯೇ ಕಾಣುತ್ತದೆ. ಸವೆದ ಬುಷ್ಷಿನ ಜಾಗಕ್ಕೆ ಲೇತಿನಲ್ಲಿ ಗನ್‌ಮೆಟಲ್ ಬುಷ್ ತಿರುಗಿಸಬಹುದು. ಬ್ರೇಕ್ ಶೂ ಚೆನ್ನಾಗಿದ್ದರೆ ಅದರ ಮೇಲೆ ಹೊಸ ಲೈನಿಂಗ್ ಕೂರಿಸಬಹುದು. ಮಾಸ್ಟರ್ ಸಿಲಿಂಡರಿನ ಒಳಗೆ ಗೀರು ಬಿದ್ದಿದ್ದರೆ ತಿಳಿದವರ ಕೈಯಲ್ಲಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ ಮೊದಲಿನ ಅಳತೆಗೆ ತರಬಹುದು. ಹೀಗೆ ದುರಸ್ತಿಯಾದ ಸಾಮಾನು ಕೆಲವು ಸಲ ಅಂಗಡಿಯ ಡೂಪ್ಲಿಕೇಟಿಗಿಂತ ಹೆಚ್ಚು ಬಾಳುತ್ತದೆ.

ಆದರೆ ಈ ಜಾಣ್ಮೆಗೆ ಒಂದು ಗೆರೆ ಎಳೆಯಬೇಕು. ಗಾಡಿಯ ದೀಪದ ಬಳೆ ಸ್ವಲ್ಪ ಸೊಟ್ಟ ಇದ್ದರೆ ನೋಡಿದವರು ನಗಬಹುದು, ಅಷ್ಟೆ. ಟೈ ರಾಡ್ ಎಂಡ್ ಕಳಚಿದರೆ? ವಯನಾಡಿಗೆ ಹತ್ತುವ ತಾಮರಶ್ಶೇರಿ ಘಾಟಿಯಲ್ಲಿ 9 ಮುಡಿಪಿನ ತಿರುವು. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36. ಅಲ್ಲಿ ಇಳಿಯುವಾಗ ಆರು ಜನರ ಜೀವ ಒಂದು ಬೆರಳಿನ ದಪ್ಪದ ಉಕ್ಕಿನ ಮೇಲೆ, ಒಂದು ರಬ್ಬರ್ ಕಪ್ಪಿನ ಮೇಲೆ ನಿಂತಿರುತ್ತದೆ. ಹಳೆಯ ಮಾರ್ಕುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕ್ ದಾರಿ. ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಆದ್ದರಿಂದ ಸ್ಟಿಯರಿಂಗಿನ ಯಾವ ಸಾಮಾನನ್ನೂ ವೆಲ್ಡಿಂಗ್ ಮಾಡಿ ಹಾಕಬೇಡಿ. ಗುಜರಿಯ ಟೈ ರಾಡ್ ಎಂಡ್, ಗುಜರಿಯ ಬ್ರೇಕ್ ಹೋಸ್ ಹಾಕಬೇಡಿ. ಸರಿಯಾದ ಸಾಮಾನು ಸಿಗುವವರೆಗೆ ಗಾಡಿ ಶೆಡ್ಡಿನಲ್ಲಿ ನಿಲ್ಲಲಿ. ಯಜಮಾನರು ಎಷ್ಟೇ ಅವಸರ ಮಾಡಲಿ, 'ಆಗುವುದಿಲ್ಲ ಸ್ವಾಮಿ' ಎಂದು ಹೇಳುವ ಹಕ್ಕು ಕೆಲಸಗಾರನಿಗೆ ಇದೆ.

ಡೂಪ್ಲಿಕೇಟಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕಡೆಯ ಒಬ್ಬ ಡ್ರೈವರಣ್ಣ ಒಂದು ಪಟ್ಟಣದ ಅಂಗಡಿಯಿಂದ ಬ್ರೇಕ್ ಕಿಟ್ ತಂದ. ಪೆಟ್ಟಿಗೆಯ ಬಣ್ಣ ಅಸಲಿನದೇ, ಹೆಸರಿನಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚು ಇತ್ತು. ಅರ್ಧ ಬೆಲೆ. ಬಿಲ್ಲು ಕೊಡಲಿಲ್ಲ. ಎರಡು ವಾರದಲ್ಲಿ ರಬ್ಬರು ಊದಿಕೊಂಡು ಪೆಡಲು ನೆಲಕ್ಕೆ ಹೋಯಿತು. ದೇವರ ದಯೆ, ಅದು ಆದದ್ದು ಚಹಾ ಫ್ಯಾಕ್ಟರಿಯ ಗೇಟಿನ ಮುಂದೆ, ಸಮನಾದ ನೆಲದಲ್ಲಿ. ಸಂಜೆ ಅದೇ ಗಾಡಿ ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿಗೆ ಹೋಗುವುದಿತ್ತು. ವಾಪಸು ಕೇಳಲು ಹೋದರೆ, 'ನಮ್ಮ ಅಂಗಡಿಯದೇ ಎನ್ನುವುದಕ್ಕೆ ಏನು ಸಾಕ್ಷಿ?' ಎಂದರಂತೆ.

ಅಸಲು ನಕಲಿ ತಿಳಿಯಲು ಕೆಲವು ಗುರುತು: ಅಕ್ಷರ ಅಲುಕಿದಂತೆ ಇರಬಾರದು, ಎರಕದ ಅಂಚು ಒರಟಾಗಿರಬಾರದು, ಪೆಟ್ಟಿಗೆಯ ನಂಬರೂ ಸಾಮಾನಿನ ನಂಬರೂ ತಾಳೆಯಾಗಬೇಕು, ಕೈಯಲ್ಲಿ ಹಿಡಿದರೆ ಹಳೆಯದರಷ್ಟೇ ತೂಕ ಇರಬೇಕು. ಎಲ್ಲಕ್ಕಿಂತ ಮೇಲಾಗಿ ಬಿಲ್ಲು ಕೇಳಿ. ಬ್ರೇಕಿನ ರಬ್ಬರನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆದರೆ ಅಸಲಿ ರಬ್ಬರೂ ಊದಿಕೊಳ್ಳುತ್ತದೆ. ಬ್ರೇಕ್ ಆಯಿಲಿನಲ್ಲಿಯೇ ತೊಳೆಯಿರಿ.

ಗುಜರಿಯಲ್ಲಿ ಕೊಳ್ಳುವಾಗ ಇನ್ನೊಂದು ಎಚ್ಚರ. ಉತ್ತರ ಪ್ರದೇಶದ ಮೀರತ್ತಿನಲ್ಲಿ ಸೋತಿಗಂಜ್ ಎಂಬ ಹೆಸರಾಂತ ಮಾರುಕಟ್ಟೆ ಇತ್ತು. ಕಳವಿನ ಗಾಡಿಗಳನ್ನು ಬಿಚ್ಚಿ ಮಾರುತ್ತಾರೆಂಬ ಕಾರಣಕ್ಕೆ ಪೊಲೀಸರು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿಸಿದರು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ ಯಜಮಾನರು ವಕೀಲರನ್ನು ಇಡುತ್ತಾರೆ, ಒಳಗೆ ಹೋಗುವವನು ನಮ್ಮ ಹುಡುಗ. ನಂಬರು ಉಜ್ಜಿದ ಎಂಜಿನ್ ಬ್ಲಾಕನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಸರಿಯಾದ ಬೇರೆ ಎಂಜಿನ್ ಹಾಕುವುದಾದರೂ ಆರ್.ಟಿ.ಓ. ಅನುಮತಿ ಪಡೆದು ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು. 50 ವರ್ಷ ಮೀರಿದ ಕಾರುಗಳನ್ನು ವಿಂಟೇಜ್ ಎಂದು ದಾಖಲಿಸುವ ನಿಯಮ 2021ರಲ್ಲಿ ಬಂತು. ಅದಕ್ಕೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇರಬೇಕು. ಹಾಗೆ ದಾಖಲಾದ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಸಲಿ ಸಾಮಾನಿಗೆ ಈಗ ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣ.

ತಾಯಂದಿರು ಗಮನವಿಟ್ಟು ಕೇಳಬೇಕಾದ ಮಾತು ಒಂದಿದೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮು ಬಿಚ್ಚಿದಾಗ ಬೀಳುವ ಬೂದಿಯಂಥ ಧೂಳಿನಲ್ಲಿ ಅದು ಇರುತ್ತದೆ. ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತು, ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ಮುಂತಾದ ರೋಗ ತರಬಹುದು. ಇವತ್ತು ಕೆಮ್ಮು ಇಲ್ಲವೆಂದು ಧೈರ್ಯ ಮಾಡಬೇಡಿ. ಡ್ರಮ್ಮನ್ನು ಬಾಯಿಂದ ಊದಬೇಡಿ, ಗಾಳಿ ಪೈಪು ಹಿಡಿಯಬೇಡಿ, ಪೊರಕೆಯಿಂದ ಗುಡಿಸಬೇಡಿ. ನೀರಿನಿಂದ ತೋಯಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಿ. ಕೆಲಸದ ಬಟ್ಟೆಯನ್ನು ಮನೆಯ ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಹೊಸ ಲೈನಿಂಗ್ ಕೊಳ್ಳುವಾಗ ಕಲ್ನಾರು ಇಲ್ಲದ್ದನ್ನೇ ಕೇಳಿ. ಹಳೆಯ ಸ್ಟಾಕಿನ ಲೈನಿಂಗ್ ಅಗ್ಗವಾಗಿ ಸಿಕ್ಕಿದರೂ ಬೇಡ.

ಕಡೆಯದಾಗಿ ಕೂಲಿಯ ಮಾತು. ನಮ್ಮ ಹುಡುಗರು ಸಾಮಾನು ಹುಡುಕಿಕೊಂಡು ಎರಡು ದಿನ ಅಲೆಯುತ್ತಾರೆ. ಬಂದು ಹಾಕಿದ ಮೇಲೆ ಗಾಡಿಯವರು ಸಾಮಾನಿನ ದುಡ್ಡು, ಬಿಚ್ಚಿ ಹಾಕಿದ ಒಂದು ಗಂಟೆಯ ಕೂಲಿ ಕೊಡುತ್ತಾರೆ. ಆ ಎರಡು ದಿನ ಎಲ್ಲಿ ಹೋಯಿತು? ಇದರಿಂದಲೇ ಕೆಲವರು ಬಿಲ್ಲಿನಲ್ಲಿ ಕಳ್ಳ ಲೆಕ್ಕ ಬರೆಯಲು ಕಲಿಯುತ್ತಾರೆ, ಅಂಗಡಿಯವರಿಂದ ಗುಟ್ಟಾಗಿ ಕಮಿಷನ್ ತಿನ್ನುತ್ತಾರೆ. ಕಮಿಷನ್ ತಿಂದವನು ಡೂಪ್ಲಿಕೇಟ್ ಕೊಟ್ಟರೂ ಬಾಯಿ ಬಿಡುವ ಹಾಗಿಲ್ಲ. ಇದಕ್ಕಿಂತ ನೇರ ದಾರಿ ಒಳ್ಳೆಯದು. ಹುಡುಕುವುದೂ ಕೆಲಸವೇ. ಹೊರಡುವ ಮುಂಚೆಯೇ ಹೇಳಿ: ದಿನಕ್ಕೆ ಇಷ್ಟು ಕೂಲಿ, ಬಸ್ ಚಾರ್ಜು, ಊಟ, ಸಾಮಾನು ಸಿಗದಿದ್ದರೂ ಕೂಲಿ ಕೊಡಬೇಕು. ಮುಂಗಡ ಪಡೆದು ಚೀಟಿ ಬರೆಯಿರಿ. ತಂದ ಸಾಮಾನಿನ ಅಸಲಿ ಬಿಲ್ಲನ್ನೂ ಬಿಚ್ಚಿದ ಹಳೆಯ ಸಾಮಾನನ್ನೂ ಯಜಮಾನರ ಕೈಗೆ ಕೊಡಿ. ಹೀಗೆ ನಡೆದುಕೊಂಡವನನ್ನು ಗಾಡಿಯವರು ದೂರದಿಂದಲೂ ಹುಡುಕಿಕೊಂಡು ಬರುತ್ತಾರೆ.

ಪ್ರತಿಯೊಬ್ಬರೂ ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಯಾವ ಸಾಮಾನು, ಯಾವ ನಂಬರು, ಏನು ಅಳತೆ, ಯಾವ ಊರಿನಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ, ಎಷ್ಟು ದಿನ ಬಾಳಿತು, ಎಲ್ಲ ಬರೆಯಿರಿ. ಹಿರಿಯ ಮೆಕ್ಯಾನಿಕ್ ಒಬ್ಬರು ತೀರಿಕೊಂಡರೆ ಅವರ ತಲೆಯಲ್ಲಿದ್ದ ನಲವತ್ತು ವರ್ಷದ ಲೆಕ್ಕ ಮಣ್ಣಿಗೆ ಹೋಗುತ್ತದೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ನಿಮ್ಮ ಪುಸ್ತಕವನ್ನು ಒಬ್ಬರಿಗೊಬ್ಬರು ತೋರಿಸಿ, ಬಚ್ಚಿಡಬೇಡಿ. ಒಬ್ಬನಿಗೆ ಕೊಯಮತ್ತೂರಿನಲ್ಲಿ ಸಿಗದ ಸಾಮಾನು ಇನ್ನೊಬ್ಬನಿಗೆ ಗೂಡಲೂರಿನ ಒಂದು ಅಟ್ಟದಲ್ಲಿ ಸಿಕ್ಕಿರಬಹುದು.

ಮುಂದಿನ ಸಭೆಗೆ ಬರುವಾಗ ಎಲ್ಲರೂ ತಮ್ಮ ನೋಟುಪುಸ್ತಕ ತನ್ನಿ. ವರ್ನಿಯರ್ ಇರುವವರು ಅದನ್ನೂ ತನ್ನಿ. ಅಳತೆ ಓದಲು ಬಾರದವರಿಗೆ ಅಂದು ಕಲಿಸೋಣ.